ಕೊಡೇಕಲ್ಲಿಗೆ ಬರುವ ಮೇಷ್ಟ್ರಿಗೆ
ಯಾದಗಿರಿ ಜಿಲ್ಲೆಯ ಕೊಡೇಕಲ್ಲಿಗೆ ಮೊದಲ ಸಲ ನೌಕರಿಗೆ ಬರುತ್ತಿರುವ ಮೇಷ್ಟ್ರೇ, ಬಂದ ದಿನವೇ ವರ್ಗಾವಣೆಯ ಅರ್ಜಿ ಬರೆಯಲು ಕೂಡಬೇಡಿ. ಈ ಊರಿಗೆ ಒಂದು ವರ್ಷ ಕೊಟ್ಟು ನೋಡಿ. ಮನೆ ಹಿಡಿಯುವಾಗ ಬಾಡಿಗೆಗಿಂತ ಮೊದಲು ನೀರನ್ನೂ ನೆರಳನ್ನೂ ವಿಚಾರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊರಗಿನ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಮಜ್ಜಿಗೆ ಕುಡಿಯಿರಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ರೂಢಿ ಮಾಡಿಕೊಳ್ಳಿ. ಯಾರಾದರೂ ‘ಬರ್ರಿ, ಕುಂಡ್ರಿ, ಚಾ ಕುಡೀರಿ’ ಎಂದರೆ ಅದು ಬಾಯಿಮಾತಲ್ಲ, ಕುಳಿತು ಕುಡಿದೇ ಏಳಿ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಗೇಟು ತೆರೆದ ಸುದ್ದಿ ಬಂದರೆ ಕೃಷ್ಣೆಯ ದಡಕ್ಕೆ ಇಳಿಯಬೇಡಿ; ನೀರು ತಗ್ಗಿದ ಮೇಲೆ ದಡದ ಛಾಯಾ ಭಗವತಿ ಗುಡಿಗೆ ಹೋಗಿಬನ್ನಿ. ಕಾಲಜ್ಞಾನ ನುಡಿದ ಕೊಡೇಕಲ್ ಬಸವಣ್ಣನ ನೆಲವಿದು. ಹತ್ತಿರದ ತಿಂಥಣಿ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ನಡೆದುಕೊಳ್ಳುತ್ತಾರೆ. ಅದನ್ನು ನೋಡಿದರೆ ಇಲ್ಲಿಯ ಜನರ ಮನಸ್ಸು ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ಸುಗ್ಗಿ ಮುಗಿದ ಮೇಲೆ ತರಗತಿಯ ಕೆಲವು ಜಾಗಗಳು ಖಾಲಿಯಾದರೆ ಮಕ್ಕಳಿಗೆ ಓದು ಬೇಡವಾಯಿತು ಎಂದುಕೊಳ್ಳಬೇಡಿ. ಅಪ್ಪ ಅವ್ವನ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾರೆ. ಹಾಜರಿಯಿಂದ ಹೆಸರು ಹೊಡೆದುಹಾಕುವ ಮೊದಲು ಆ ಮನೆಯ ಅಜ್ಜಿಯನ್ನು ಕಂಡು ಮಾತಾಡಿಸಿ, ಮಗು ಅವಳ ಬಳಿ ಉಳಿದು ಓದಬಹುದೇ ಎಂದು ಕೇಳಿ. ಹಾಗೆ ಬಾಗಿಲು ತಟ್ಟಿದ ಮೇಷ್ಟ್ರನ್ನು ಈ ಸೀಮೆ ತಲೆತಲಾಂತರ ನೆನೆಯುತ್ತದೆ.