ಹಿಮದ ನಾಯಿ, ಬಿಸಿಲೂರು

ಈ ಬರಹ ಓದಿ ಒಂದಿಬ್ಬರು ಗೆಳೆಯರಾದ್ರೂ ನನ್ನ ಮೇಲೆ ಮುನಿಸಿಕೊಳ್ಳೋದು ಗ್ಯಾರಂಟಿ. ಆದ್ರೂ ಹೇಳಿಬಿಡ್ತೀನಿ. ಆಳಂದ, ಅಫಜಲಪುರ, ಜೇವರ್ಗಿಯಂಥ ಊರುಗಳಲ್ಲಿ ಸೈಬೀರಿಯನ್ ಹಸ್ಕಿ ಸಾಕಬಾರದು. ಕೂಲರ್ ಇದ್ರೂ ಸಾಕಬಾರದು, ಎಸಿ ಇದ್ರೂ ಸಾಕಬಾರದು.

"ನಿಮ್ಮ ಕಡೆ ಹಸ್ಕಿ ಇದಾವಾ?!" ಅಂತ ಬೆಂಗಳೂರಿನ ಸಹೋದ್ಯೋಗಿಗಳು ಬಾಯಿ ಬಿಡ್ತಾರೆ. ಇದಾವೆ ಸ್ವಾಮಿ. ಈಚಿನ ವರ್ಷಗಳಲ್ಲಿ ಯುಗಾದಿಗೆ ಊರಿಗೆ ಹೋದಾಗೆಲ್ಲ ಒಂದಾದ್ರೂ ಕಣ್ಣಿಗೆ ಬೀಳುತ್ತೆ. ತೊಗರಿಗೆ ಒಳ್ಳೆ ರೇಟ್ ಬಂದ ವರ್ಷ ಬುಲೆಟ್ ಗಾಡಿ, ಅದರ ಹಿಂದೆ ಹಸ್ಕಿ ಮರಿ. ಜೇವರ್ಗಿಯ ನನ್ನ ಗೆಳೆಯನೊಬ್ಬ ಹೀಗೇ ತಂದಿದ್ದ. ಮಾರಿದವನು "ನಮ್ಮ ವೆದರ್‌ಗೆ ಸೆಟ್ ಆಗಿರೋ ಬ್ರೀಡ್ ಸಾರ್" ಅಂತ ಹೇಳಿ ಕಳಿಸಿದ್ದನಂತೆ. ಮೊದಲ ಬೇಸಿಗೆ ಅದು ಹಗಲೆಲ್ಲ ಬಚ್ಚಲಮನೆಯ ಹಾಸುಗಲ್ಲಿನ ಮೇಲೆ ಹೊಟ್ಟೆ ಊರಿ ಮಲಗಿ ಕಳೀತು. ಎರಡನೇ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮೂರು ತಾಸು ಬರಲಿಲ್ಲ. ಕಲಬುರಗಿಗೆ ಕರಕೊಂಡು ಹೋಗೋ ದಾರಿಯಲ್ಲೇ, ಕಾರಿನ ಹಿಂದಿನ ಸೀಟಿನಲ್ಲಿ ಸತ್ತುಹೋಯ್ತು. ಗೆಳೆಯ ನಾಯಿಯನ್ನ ಚೆನ್ನಾಗೇ ನೋಡ್ಕೊಂಡಿದ್ದ. ಪ್ರೀತಿಗೇನೂ ಕಮ್ಮಿ ಇರಲಿಲ್ಲ, ಅದಕ್ಕೇ ಈ ವಿಷಯ ಬರೀಬೇಕು ಅನ್ನಿಸಿದ್ದು. ಪ್ರೀತಿ ಸಾಲದ ಕಡೆ ಏನು ಬೇಕು ಅನ್ನೋದೇ ಪ್ರಶ್ನೆ.

ಹಸ್ಕಿ ಅಂದ್ರೆ ನಮಗೆ ನೀಲಿ ಕಣ್ಣು, ಬೂದು-ಬಿಳಿ ತುಪ್ಪಳ, ಫೋಟೋಗೆ ಸೂಪರ್. ಆದ್ರೆ ಆ ನಾಯಿಯನ್ನ ತಲೆತಲಾಂತರದಿಂದ ಆರಿಸಿ ಬೆಳೆಸಿದ್ದು ಎಳೆಯೋಕೆ. ಸ್ಲೆಡ್ ಅಂದ್ರೆ ಗಾಲಿ ಇಲ್ಲದ, ಹಿಮದ ಮೇಲೆ ಜಾರಿಕೊಂಡು ಹೋಗೋ ಬಂಡಿ. ಅದನ್ನ ನಾಯಿ ಎಳೆಯೋ ಪದ್ಧತಿ ಎಷ್ಟು ಹಳೇದು ಗೊತ್ತಾ? ಸೈಬೀರಿಯಾದ ಉತ್ತರಕ್ಕಿರೋ ಝೋಖೋವ್ ಅನ್ನೋ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ನಾಯಿಯ ಮೂಳೆಗಳು, ಸ್ಲೆಡ್ಡಿನ ತುಂಡುಗಳು ಸಿಕ್ಕಿವೆ. 2020ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನದ ಪ್ರಕಾರ ಆ ನಾಯಿಗೂ ಇವತ್ತಿನ ಗ್ರೀನ್‌ಲ್ಯಾಂಡಿನ ಸ್ಲೆಡ್ ನಾಯಿಗೂ ಹತ್ತಿರದ ನೆಂಟಸ್ತಿಕೆ. ಅಂದ್ರೆ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಬೀಳೋಕೂ ಎಷ್ಟೋ ಸಾವಿರ ವರ್ಷ ಮೊದಲೇ ಅಲ್ಲಿ ನಾಯಿ ಬಂಡಿ ಎಳೀತಿತ್ತು!

ಸೈಬೀರಿಯನ್ ಹಸ್ಕಿಯ ಮೂಲ ಅಲ್ಲಿನ ಚುಕ್ಚಿ ಜನರ ನಾಯಿಗಳು. ಭಾರ ಕಡಿಮೆ ಎಳೆದ್ರೂ ಕಡಿಮೆ ತಿಂದು ತುಂಬಾ ದೂರ ಓಡುವಂಥವು. 1908-09ರ ಸುಮಾರಿಗೆ ಅವನ್ನ ಅಲಾಸ್ಕಾದ ನೋಮ್ ಅನ್ನೋ ಊರಿಗೆ ತಂದರು. ಅಲ್ಲಿ 408 ಮೈಲಿಯ ದೊಡ್ಡ ಸ್ಲೆಡ್ ರೇಸ್ ಶುರುವಾಗಿತ್ತು. ಈ ಸಣ್ಣ ನಾಯಿಗಳನ್ನ ನೋಡಿ ಅಲ್ಲಿನವರು "ಸೈಬೀರಿಯಾದ ಇಲಿಗಳು" ಅಂತ ನಕ್ಕಿದ್ರಂತೆ. 1910ರಲ್ಲಿ ಇದೇ ಇಲಿಗಳ ತಂಡ ರೇಸ್ ಗೆದ್ದಿತು.

1925ರ ಕಥೆ ನಿಮ್ಮಲ್ಲಿ ಕೆಲವರಿಗೆ ಸಿನಿಮಾದಿಂದ ಗೊತ್ತಿರುತ್ತೆ. ನೋಮ್‌ನಲ್ಲಿ ಗಂಟಲಮಾರಿ (ಡಿಫ್ತೀರಿಯಾ) ಹಬ್ಬಿತು, ಔಷಧಿ ಇಲ್ಲ, ಸಮುದ್ರ ಹೆಪ್ಪುಗಟ್ಟಿದೆ. ರೈಲು ಬಂದು ನಿಲ್ಲುವ ನೆನಾನಾದಿಂದ ನೋಮ್‌ವರೆಗೆ 674 ಮೈಲಿ. ಇಪ್ಪತ್ತು ಜನ ಚಾಲಕರು, ಸುಮಾರು 150 ನಾಯಿಗಳು, ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸ್ತಾ ಐದೂವರೆ ದಿನದಲ್ಲಿ ಔಷಧಿ ಮುಟ್ಟಿಸಿದರು. ಕೊನೆಯ ಹಂತ ಓಡಿದ ಬಾಲ್ಟೋಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ಎದ್ದಿತು. ಎಲ್ಲರಿಗಿಂತ ಹೆಚ್ಚು ದೂರ, ಎಲ್ಲಕ್ಕಿಂತ ಅಪಾಯದ ದಾರಿ ಕ್ರಮಿಸಿದ್ದು ಲಿಯೊನಾರ್ಡ್ ಸೆಪ್ಪಾಲಾ ಅವರ ಟೋಗೋ. ಪ್ರಾಜೆಕ್ಟ್ ಪೂರ್ತಿ ಮಾಡಿದವನು ಒಬ್ಬ, ಡೆಮೋ ಕೊಟ್ಟವನಿಗೆ ಅವಾರ್ಡ್! ನಮ್ಮ ಐಟಿ ಮಂದಿಗೆ ಇದು ಬಿಡಿಸಿ ಹೇಳಬೇಕಿಲ್ಲ :)

ನನಗೆ ಹೆಚ್ಚು ಹಿಡಿಸಿದ್ದು ಅವುಗಳ ತರಬೇತಿ. ಸ್ಲೆಡ್ ನಾಯಿಗೆ ಲಗಾಮು, ಮೂಗುದಾರ ಏನೂ ಇಲ್ಲ. ಎಲ್ಲಾ ಬಾಯಿಮಾತಿನ ಮೇಲೇ. 'ಜೀ' ಅಂದ್ರೆ ಬಲಕ್ಕೆ, 'ಹಾ' ಅಂದ್ರೆ ಎಡಕ್ಕೆ. ಈ ಎರಡೂ ಪದ ಇಂಗ್ಲಿಷರ ನಾಡಿನಲ್ಲಿ ಎತ್ತು, ಕುದುರೆ ಹೂಡೋರು ಬಳಸ್ತಿದ್ದದ್ದು. ಕೆಲವು ತಿಂಗಳ ಮರಿಗೆ ಮೊದಲು ಬರೀ ಪಟ್ಟಿ ತೊಡಿಸಿ ರೂಢಿ ಮಾಡಿಸ್ತಾರೆ. ಆಮೇಲೆ ಹಗುರವಾದದ್ದೇನೋ ಎಳೆಸ್ತಾರೆ. ಆಮೇಲೆ ಪಳಗಿದ ನಾಯಿಯ ಪಕ್ಕಕ್ಕೆ ಕಟ್ಟಿ ಓಡಿಸ್ತಾರೆ. ಓದ್ತಾ ಇದ್ದಾಗ "ಅರೆ, ನಮ್ಮಪ್ಪ ಹೋರಿ ಪಳಗಿಸೋದು ಹೀಗೇ ಅಲ್ವಾ" ಅನ್ನಿಸ್ತು. ಹೊಸ ಹೋರಿಯನ್ನ ಹಳೇ ಎತ್ತಿನ ಜೊತೆ ಹೂಡಿದ್ರೆ ಅರ್ಧ ಪಾಠ ಹಳೇ ಎತ್ತೇ ಹೇಳಿಕೊಡುತ್ತೆ. ತಂಡದಲ್ಲಿ ಒಂದೊಂದು ನಾಯಿಗೂ ಜಾಗ ಇದೆ. ಮುಂದೆ ದಾರಿ ಹಿಡಿಯೋ ಜಾಣ ನಾಯಿ, ಅದರ ಹಿಂದೆ ತಿರುವಿನಲ್ಲಿ ತಂಡವನ್ನ ತಿರುಗಿಸೋವು, ಕೊನೆಗೆ ಸ್ಲೆಡ್ಡಿಗೆ ತಾಗಿಕೊಂಡು ಭಾರ ಹೊರುವ ಗಟ್ಟಿ ನಾಯಿಗಳು.

ಇನ್ನೊಂದು ವಿಷಯ ಗಮನಿಸಿ. ಹಿಮ ಬೀಳೋ ಮುಂಚೆ ಇವಕ್ಕೆ ಗಾಲಿ ಗಾಡಿ ಕಟ್ಟಿ ಓಡಿಸ್ತಾರೆ. ಆದ್ರೆ ಹತ್ತು-ಹದಿನೈದು ಡಿಗ್ರಿ ದಾಟಿದ್ರೆ ಓಡಿಸೋಕೆ ಹಿಂಜರೀತಾರೆ, ನಾಯಿಗೆ ಸೆಕೆ ಆಗುತ್ತೆ ಅಂತ. ಹದಿನೈದು ಡಿಗ್ರಿ! ನಮ್ಮ ಕಡೆ ಆ ಚಳಿಗೆ ಬೆಂಕಿ ಕಾಯಿಸ್ಕೋತ ಕೂತಿರ್ತಾರೆ.

1960ರ ದಶಕದಲ್ಲಿ ಸ್ನೋಮೊಬೈಲ್ ಬಂತು. ಪೆಟ್ರೋಲ್ ಹಾಕಿದ್ರೆ ಸಾಕು, ವರ್ಷಪೂರ್ತಿ ಮೀನು ತಿನ್ನಿಸಬೇಕಿಲ್ಲ. ಅಲಾಸ್ಕಾದ ಹಳ್ಳಿಗಳಿಂದ ನಾಯಿ ತಂಡಗಳು ಮಾಯವಾಗತೊಡಗಿದವು. ಟ್ರ್ಯಾಕ್ಟರ್ ಬಂದಮೇಲೆ ನಮ್ಮ ಕೊಟ್ಟಿಗೆಗಳು ಖಾಲಿಯಾದ ಹಾಗೇ. ಇದನ್ನ ನೋಡಿ ಹೊಟ್ಟೆ ಉರಿದುಕೊಂಡವರಲ್ಲಿ ಜೋ ರೆಡಿಂಗ್ಟನ್ ಒಬ್ಬರು. ನಾಯಿ ತಂಡಗಳನ್ನೂ ಹಳೇ ದಾರಿಯನ್ನೂ ಉಳಿಸಬೇಕು ಅಂತಲೇ 1973ರಲ್ಲಿ ಆ್ಯಂಕರೇಜ್‌ನಿಂದ ನೋಮ್‌ವರೆಗೆ, ಸುಮಾರು ಸಾವಿರ ಮೈಲಿಯ ಇಡಿಟರಾಡ್ ರೇಸ್ ಶುರುಮಾಡಿದರು. ಮೊದಲ ಸಲ ಗೆದ್ದವರಿಗೆ ಸುಮಾರು 20 ದಿನ ಹಿಡಿದಿತ್ತು. 2017ರಲ್ಲಿ ಮಿಚ್ ಸೀವಿ ಎಂಟು ದಿನ ಮೂರು ಗಂಟೆ ಚಿಲ್ಲರೆಯಲ್ಲಿ ಮುಗಿಸಿದರು. ಇಪ್ಪತ್ತು-ಇಪ್ಪತ್ತೈದು ಕೆಜಿ ತೂಗೋ ನಾಯಿ ರೇಸಿನ ಹೊತ್ತಲ್ಲಿ ದಿನಕ್ಕೆ ಹತ್ತು ಸಾವಿರ ಕ್ಯಾಲೊರಿಗಿಂತ ಹೆಚ್ಚು ಉರಿಸುತ್ತೆ. ನೀವು ನಾನು ದಿನಕ್ಕೆ ಎರಡು-ಎರಡೂವರೆ ಸಾವಿರ ತಿಂದು ಡೊಳ್ಳು ಬೆಳೆಸ್ತೀವಿ.

ಆ ರೇಸ್ ಬಗ್ಗೆ ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ. ದಾರಿಯುದ್ದಕ್ಕೂ ಪಶುವೈದ್ಯರಿದ್ದಾರೆ, ಒಂದು ಸಲ 24 ಗಂಟೆ, ಎರಡು ಸಲ ಎಂಟು ಗಂಟೆ ಕಡ್ಡಾಯ ವಿಶ್ರಾಂತಿ ಇದೆ, ಪಾದಕ್ಕೆ ಬಟ್ಟೆಯ ಬೂಟು ಇದೆ. ಆದ್ರೂ 2024ರ ರೇಸಿನಲ್ಲಿ ಮೂರು ನಾಯಿಗಳು ಸತ್ತವು. ವಿರೋಧ ಜೋರಾಗಿ ದೊಡ್ಡ ದೊಡ್ಡ ಪ್ರಾಯೋಜಕರು ಹಿಂದೆ ಸರಿದಿದ್ದಾರೆ. ಆ ವಿರೋಧ ಸುಳ್ಳಲ್ಲ. ಆದ್ರೆ ರೆಡಿಂಗ್ಟನ್ ಹಿಡಿದ ಎಳೆ ಮಾತ್ರ ನಿಜ ಅನ್ಸುತ್ತೆ: ನಾಯಿಯ ತಳಿ ಅಂದ್ರೆ ಬಣ್ಣ-ರೂಪ ಅಲ್ಲ. ಒಂದು ನೆಲ, ಒಂದು ಕೆಲಸ, ಇವೆರಡೂ ಸೇರಿ ಒಂದು ತಳಿ. ಕೆಲಸ ಹೋದ್ರೆ ನಾಯಿ ಹೋಗುತ್ತೆ, ಇಲ್ಲಾ ಬರೀ ಚರ್ಮ ಉಳಿಯುತ್ತೆ.

ಈಗ ಅದನ್ನ ನಮ್ಮ ಭೀಮಾ ತೀರಕ್ಕೆ ತನ್ನಿ. ಏಪ್ರಿಲ್-ಮೇನಲ್ಲಿ 42-43 ಡಿಗ್ರಿ ಮಾಮೂಲು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡ್ಕೋಬೇಕು. ಹೊರಗಿನ ಗಾಳಿಯೇ ಅದರ ಮೈಗಿಂತ ಬಿಸಿ ಇದ್ದಾಗ ಆ ಉಪಾಯ ಸೋಲುತ್ತೆ. ಅದರ ಮೇಲೆ ಎರಡು ಪದರದ ತುಪ್ಪಳ. "ತುಪ್ಪಳ ಬೋಳಿಸಿದ್ರಾಯ್ತು" ಅಂತಾರೆ ಕೆಲವರು. ಬೋಳಿಸಿದ್ರೆ ಬಿಸಿಲು ನೇರ ಚರ್ಮಕ್ಕೇ ಬಡಿಯುತ್ತೆ. "ಎಸಿ ಹಾಕಿದ್ರಾಯ್ತು" ಅಂತಾರೆ ಇನ್ನು ಕೆಲವರು. ಸರಿ, ಹಾಕಿ. ದಿನಕ್ಕೆ ನೂರಾರು ಕಿಲೋಮೀಟರ್ ಓಡೋಕೆ ಹುಟ್ಟಿದ ಪ್ರಾಣಿಯನ್ನ ಹತ್ತು ಬೈ ಹನ್ನೆರಡರ ರೂಮಿನಲ್ಲಿ ನಾಲ್ಕು ತಿಂಗಳು ಕೂಡಿಹಾಕಿದ ಹಾಗಾಯ್ತು. ಅದು ಸೋಫಾ ಹರಿದ್ರೆ, ರಾತ್ರಿಯೆಲ್ಲ ಊಳಿಟ್ಟರೆ ಬೈಗುಳ ನಾಯಿಗೆ!

ತಮಾಷೆ ಅಂದ್ರೆ ಈ ಬುದ್ಧಿ ನಮ್ಮೂರಿಗೆ ಹೊಸದಲ್ಲ. ಎತ್ತು ಕೊಳ್ಳೋವಾಗ ಅಪ್ಪ ಮೂರು ಸಂತೆ ತಿರುಗ್ತಾನೆ. ಕಾಲು ನೋಡ್ತಾನೆ, ಗೊರಸು ನೋಡ್ತಾನೆ, ಹಲ್ಲು ಎಣಿಸ್ತಾನೆ, ನಮ್ಮ ಎರಿ ಹೊಲಕ್ಕೆ ಇದು ತಡೀತದಾ ಅಂತ ನಾಲ್ಕು ಮಂದೀನ ಕೇಳ್ತಾನೆ. ಅದೇ ಮನೆಯ ಮಗ ನಾಯಿ ಕೊಳ್ಳೋವಾಗ ಮೂರು ಫೋಟೋ ನೋಡ್ತಾನೆ, ಫೋನ್‌ಪೇ ಮಾಡ್ತಾನೆ.

"ಹಂಗಾದ್ರ ಮುಧೋಳ ನಾಯಿ ತರ್ತೀವಿ ಬಿಡು" ಅನ್ನೋರಿಗೂ ಒಂದು ಮಾತು. ಮುಧೋಳ ನಾಯಿ ನಮ್ಮ ಹೆಮ್ಮೆ, ಒಪ್ಪಿದೆ. ಅದರ ಪೂರ್ವಜರೂ ಮಧ್ಯ ಏಷ್ಯಾ, ಅರಬ್ ಕಡೆಯಿಂದ ಸೈನ್ಯಗಳ ಜೊತೆ ಬಂದವು ಅಂತಾರೆ. ಆದ್ರೆ ಶತಮಾನಗಳ ಕಾಲ ದಖನ್ ಬಿಸಿಲಲ್ಲಿ ಓಡಿ ಓಡಿ ಇಲ್ಲಿಯದೇ ಆದವು: ತೆಳು ಮೈ, ಗಿಡ್ಡ ಕೂದಲು, ಉದ್ದ ಕಾಲು, ದೂರದ ಚಲನೆ ಹಿಡಿಯೋ ಕಣ್ಣು. ಬೇಡರು ಬೇಟೆಗೆ ಬಳಸ್ತಿದ್ದ ಈ ನಾಯಿಗಳನ್ನ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಗುರುತಿಸಿ ಬೆಳೆಸಿದರು, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟರು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಸೇನೆಯ ಮೀರತ್ ಕೇಂದ್ರಕ್ಕೆ ಮರಿಗಳು ತರಬೇತಿಗೆ ಹೋದವು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ.

ಆದ್ರೆ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಮೊಲದ ಬೇಟೆ ಅಪರಾಧ (ಸರಿಯಾಗೇ ಇದೆ). ಅಲ್ಲಿಗೆ ಇದರ ಹಳೇ ಕೆಲಸವೂ ಹೋಯ್ತು. ಉಳಿದದ್ದು ಹೊಲ ಕಾಯೋದು, ಕುರಿ ಕಾಯೋದು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆ ಅಂತ ನಮ್ಮ ಹೊಲಗಳಲ್ಲಿ ಕುರಿ ಹಿಂಡು ನಿಲ್ಲಿಸ್ತಾರಲ್ಲ, ಆ ಕುರುಬರ ಜೊತೆ ಉದ್ದ ಮೂತಿಯ ನಾಯಿಗಳು ಬರ್ತವೆ. ಒಂದು ಸಲ ಬೆಂಗಳೂರಿನ ಗೆಳೆಯನೊಬ್ಬ ನನ್ನ ಜೊತೆ ಅಫಜಲಪುರಕ್ಕೆ ಬಂದವನು ಅಂಥ ಮರಿ ಬೇಕು ಅಂತ ಹಠ ಹಿಡಿದ. ಕುರಿ ಕಾಯೋ ಕಾಕಾ ಕೇಳಿದ:

"ಕುರಿ ಎಷ್ಟ್ ಅದಾವಪಾ ನಿಮ್ವು?"

"ಕುರಿ ಇಲ್ಲ ಕಾಕಾ."

"ಹೊಲಾ?"

"ಹೊಲನೂ ಇಲ್ಲ. ಫ್ಲಾಟ್ ಇದೆ, ಮೂರನೇ ಮಹಡಿ."

"ಮತ್ತ ನಾಯಿಗಿ ಏನ್ ಕೆಲ್ಸ ಹಚ್ತಿ?"

ಗೆಳೆಯನ ಹತ್ತಿರ ಉತ್ತರ ಇರಲಿಲ್ಲ. ಕಾಕಾ ಮರಿ ಕೊಡಲಿಲ್ಲ. ಹಸ್ಕಿ ಮಾರೋರು ಒಬ್ಬರಾದ್ರೂ ಈ ಪ್ರಶ್ನೆ ಕೇಳಿದ್ದಾರಾ? ನಮ್ಮದು ಅಂದಮಾತ್ರಕ್ಕೆ ಮುಧೋಳ ನಾಯಿ ಮೂರನೇ ಮಹಡಿಗೆ ಒಗ್ಗಲ್ಲ. ಅಭಿಮಾನ ಬೇರೆ, ಹೊಂದಾಣಿಕೆ ಬೇರೆ.

ಹಾಗಾದ್ರೆ ಮಾಡೋದೇನು? ನನಗೆ ತೋಚಿದ್ದು ಎರಡು.

ಒಂದು, ಮರಿ ಕೊಳ್ಳೋ ಮುಂಚೆ ಮಾರುವವನ ನೋಂದಣಿ ಕೇಳಿ. ನಾಯಿ ಸಾಕಣೆ ಮತ್ತು ಮಾರಾಟಕ್ಕೆ 2017ರಲ್ಲೇ ಕೇಂದ್ರದ ನಿಯಮಗಳು ಬಂದಿವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ, ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಬಸ್ಸಿಗೆ ಮರಿ ಹಾಕೋ ಎಷ್ಟು ಜನರ ಹತ್ತಿರ ಅದಿರುತ್ತೆ? ಕೇಳಿ ನೋಡಿ, ಮಜಾ ಇರುತ್ತೆ.

ಎರಡು, ನಮ್ಮ ನಾಯಿಗೆ ಓಟ ಕೊಡೋಣ. ಬಾಗಲಕೋಟೆ, ಬೆಳಗಾವಿ ಕಡೆ ಜಾತ್ರೆಗಳಲ್ಲಿ ಆಗಾಗ ನಾಯಿ ಓಟ ಇಡ್ತಾರೆ. ಅದನ್ನ ಶಿಸ್ತಾಗಿ ಮಾಡಬಹುದು. ಜೀವಂತ ಮೊಲ ಬೇಡ, ಹಗ್ಗಕ್ಕೆ ಕಟ್ಟಿ ಎಳೆಯೋ ಬಟ್ಟೆಯ ತುಂಡು ಸಾಕು. ಡಿಸೆಂಬರ್-ಜನವರಿಯ ಬೆಳಗಿನ ತಂಪು ಹೊತ್ತು, ಮೈದಾನದಲ್ಲಿ ಪಶುವೈದ್ಯರು, ಬಾಜಿ ಕಟ್ಟೋದು ಬಂದ್. ಕಂಬಳ, ಎತ್ತಿನ ಗಾಡಿ ಓಟಕ್ಕೆ ಕಾನೂನು ಮಾಡಿಕೊಂಡೇ ಉಳಿಸಿಕೊಂಡಿದ್ದೀವಲ್ಲ, 2023ರ ಮೇನಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತಲ್ಲ. ಅಲಾಸ್ಕಾದ ತಪ್ಪುಗಳನ್ನ ಅವರೇ ಮಾಡಿ ತೋರಿಸಿದ್ದಾರೆ. ನಾವು ಮೊದಲ ದಿನವೇ ನಿಯಮ ಬರೆದು ಶುರುಮಾಡಬಹುದು. ಕಾರ ಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯೋ ಊರಿಗೆ ಓಟ ಅಂದ್ರೇನು ಅಂತ ಯಾರೂ ಕಲಿಸಬೇಕಿಲ್ಲ.

ಹಸ್ಕಿ ಈಗಾಗ್ಲೇ ಮನೆಯಲ್ಲಿದ್ರೆ ಖಂಡಿತ ಬಿಟ್ಟುಬಿಡಬೇಡಿ. ಬೆಳಿಗ್ಗೆ ಐದಕ್ಕೆ ಎದ್ದು ಓಡಿಸಿ, ಇನ್ವರ್ಟರ್ ಹಾಕಿಸಿ, ಹತ್ತಿರದ ಪಶುವೈದ್ಯರ ನಂಬರ್ ಇಟ್ಕೊಳ್ಳಿ, ಅದು ಬದುಕಿರೋವರೆಗೂ ನೋಡ್ಕೊಳ್ಳಿ. ಇನ್ನೂ ತಂದಿಲ್ಲ ಅಂದ್ರೆ ಕಾಕಾ ಕೇಳಿದ್ದನ್ನ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ.

ಏನಂತೀರಿ? ಬಯ್ಯೋದಿದ್ರೂ ಕೆಳಗೆ ಜಾಗ ಇದೆ :)