ನೆರೆನಾಡಿನ ಅಡಿಗೆಮನೆಯೂ ರೋಣ ಸೀಮೆಯ ಉಳ್ಳಾಗಡ್ಡಿಯೂ

ಯಾವ ದೇಶವೂ ತನಗೆ ಬೇಕಾದುದೆಲ್ಲವನ್ನೂ ತಾನೇ ಬೆಳೆದುಕೊಳ್ಳಲಾರದು. ದೊಡ್ಡ ದೇಶಕ್ಕೆ ಈ ಕೊರತೆ ಒಂದು ಅನಾನುಕೂಲವಾದರೆ, ಸಣ್ಣ ದೇಶಕ್ಕೆ ಅದು ಜೀವನ್ಮರಣದ ಪ್ರಶ್ನೆ. ಮಾಲ್ಡೀವ್ಸ್ ದೇಶವನ್ನೇ ನೋಡಬಹುದು. ಸಾವಿರಕ್ಕೂ ಮಿಕ್ಕಿದ ಅದರ ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೂ ಸುಮಾರು 300 ಚದರ ಕಿಲೋಮೀಟರಾದೀತು. ವಿಭಜನೆಗೆ ಮುಂಚಿನ ರೋಣ ತಾಲೂಕಿಗಿಂತ ಅದು ಎಷ್ಟೋ ಚಿಕ್ಕದು. ಮರಳು ಮತ್ತು ಹವಳದ ಆ ನೆಲದಲ್ಲಿ ತೆಂಗು ಬೆಳೆದೀತು, ಕಡಲಿನಲ್ಲಿ ಮೀನು ಸಿಕ್ಕೀತು. ಅಕ್ಕಿ, ಗೋದಿಹಿಟ್ಟು, ಸಕ್ಕರೆ, ಉಳ್ಳಾಗಡ್ಡಿಗಳು ಮಾತ್ರವಲ್ಲದೆ, ಮನೆ ಕಟ್ಟುವ ಉಸುಕೂ ಹೊರಗಿನಿಂದಲೇ ಬರಬೇಕು. 2022ರ ಜನಗಣತಿಯಂತೆ ಅಲ್ಲಿದ್ದವರು ಸುಮಾರು 5.15 ಲಕ್ಷ ಜನ.

ಇಂಥ ದೇಶಗಳು ದೂರದ ಸಿರಿವಂತ ದೇಶಗಳಿಂದ ಕೊಳ್ಳುವುದಕ್ಕಿಂತ, ತಮ್ಮಂತೆಯೇ ಬೆಳೆಯುತ್ತಿರುವ ನೆರೆಯ ದೇಶಗಳಿಂದ ಕೊಳ್ಳುವುದು ಲೇಸೆಂಬ ವಿಚಾರ ಹಳೆಯದು. ಸಾಗಣೆಯ ವೆಚ್ಚ ಕಡಿಮೆ, ಆಹಾರದ ರುಚಿಯೂ ಒಂದೇ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸಾರ್ಕ್ ಸಂಘಟನೆ ಸ್ಥಾಪನೆಗೊಂಡಿತು. ಅದರ ಎರಡನೆಯ ಶೃಂಗಸಭೆ 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ನೆರವೇರಿತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಮುಂದೆ 2004ರಲ್ಲಿ ಮುಕ್ತ ವ್ಯಾಪಾರ ವಲಯದ ಒಪ್ಪಂದಕ್ಕೆ ಸಹಿ ಬಿದ್ದು, 2006ರಲ್ಲಿ ಅದು ಜಾರಿಗೆ ಬಂದಿತು. ಆದರೆ ಈ ಒಪ್ಪಂದಗಳು ಮುಖ್ಯವಾಗಿ ಕೊಳ್ಳುವವನ ಬಾಗಿಲಿನ ಸುಂಕವನ್ನು ಇಳಿಸತಕ್ಕವು. ಮಾರುವವನೇ ಅಂಗಡಿಯ ಕದ ಹಾಕಿಕೊಂಡರೆ ಅವುಗಳಿಂದ ಹೆಚ್ಚಿನ ಪ್ರಯೋಜನವಾಗದು.

ಕದ ಹಾಕಿದ ಪ್ರಸಂಗಗಳನ್ನು ಹೊಳೆಆಲೂರಿನ ಸುತ್ತಲಿನ ರೈತರು ಚೆನ್ನಾಗಿ ಬಲ್ಲರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದು ದಂಡೆಯ ಊರುಗಳಿಗೆ ನುಗ್ಗಿತು; ಹೊಳೆಆಲೂರೂ ಜಲಾವೃತವಾಯಿತು. ಎರೆಹೊಲಗಳಲ್ಲಿ ನಿಂತ ಬೆಳೆ ಕೊಳೆಯಿತು. ಮಹಾರಾಷ್ಟ್ರದಲ್ಲಿಯೂ ಮಳೆ ಅತಿಯಾಗಿ, ಪೇಟೆಗೆ ಬರುವ ಉಳ್ಳಾಗಡ್ಡಿ ಕುಗ್ಗಿತು, ಬೆಲೆ ಏರಿತು. ಕೇಂದ್ರ ಸರಕಾರವು ಸಪ್ಟೆಂಬರ್ 29ರಂದು ಎಲ್ಲ ಬಗೆಯ ಉಳ್ಳಾಗಡ್ಡಿಯ ರಫ್ತನ್ನು ನಿಷೇಧಿಸಿತು. ಮರುವಾರವೇ ದಿಲ್ಲಿಗೆ ಬಂದಿದ್ದ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಅವರು, ಅಡಿಗೆಗೆ ಉಳ್ಳಾಗಡ್ಡಿ ಹಾಕಬೇಡವೆಂದು ತಮ್ಮ ಅಡಿಗೆಯವನಿಗೆ ಹೇಳಿರುವುದಾಗಿ ನಗೆಯಾಡಿದರು. ಮುಂಚಿತವಾಗಿ ತಿಳಿಸಿದ್ದರೆ ಬೇರೆಡೆಯಿಂದ ತರಿಸಿಕೊಳ್ಳುತ್ತಿದ್ದೆವೆಂದೂ ಸೇರಿಸಿದರು. ನಗೆಯ ಮಾತಾದರೂ ಅದರೊಳಗೆ ನೋವಿದ್ದಿತು. ಆ ನವೆಂಬರಿನಲ್ಲಿ ಢಾಕಾದಲ್ಲಿ ಕಿಲೋ ಉಳ್ಳಾಗಡ್ಡಿಯ ಬೆಲೆ 200 ಟಾಕಾ ಮೀರಿ, ವಿಮಾನದಲ್ಲಿ ಉಳ್ಳಾಗಡ್ಡಿ ತರಿಸುವ ಸ್ಥಿತಿ ಒದಗಿತು.

ಮುಂದಿನ ವರ್ಷ, 2020ರ ಸಪ್ಟೆಂಬರ್ 14ರಂದು, ಮತ್ತೆ ನಿಷೇಧ. 2023ರಲ್ಲಿ ಮೊದಲು ಆಗಸ್ಟಿನಲ್ಲಿ ನೂರಕ್ಕೆ 40ರಷ್ಟು ರಫ್ತು ಸುಂಕ, ಬಳಿಕ ಡಿಸೆಂಬರಿನಲ್ಲಿ ನಿಷೇಧ. ಅದು ತೆರವಾದದ್ದು 2024ರ ಮೇ ತಿಂಗಳಲ್ಲಿ. ಈ ಆಜ್ಞೆಗಳ ತಿಂಗಳುಗಳು ವಿಚಾರಯೋಗ್ಯವಾಗಿವೆ. ಬೇಸಗೆಯಲ್ಲಿ ಕಿತ್ತು ಕೂಡಿಟ್ಟ ಮಹಾರಾಷ್ಟ್ರದ ಉಳ್ಳಾಗಡ್ಡಿ ಮುಗಿಯುತ್ತ ಬರುವುದೂ, ಗದಗ, ರೋಣ, ಹುಬ್ಬಳ್ಳಿ ಸೀಮೆಯ ಮುಂಗಾರಿ ಉಳ್ಳಾಗಡ್ಡಿ ಪೇಟೆಗೆ ಬರುವುದೂ ಸುಮಾರು ಅದೇ ಕಾಲ. ಮೆಣಸಿನಕಾಯಿ, ಹತ್ತಿಗಳೊಡನೆ ಅಕ್ಕಡಿಯಾಗಿಯೂ ಇಲ್ಲಿಯ ರೈತ ಬಿತ್ತುವ ಈ ಉಳ್ಳಾಗಡ್ಡಿಯಲ್ಲಿ ನೀರಿನ ಅಂಶ ಹೆಚ್ಚು. ಕೂಡಿಟ್ಟರೆ ಬಹುಕಾಲ ಬಾಳದು. ಬೇಸಗೆಯ ಬೆಳೆಗಾರ ನಿಷೇಧ ತೆಗೆಯುವವರೆಗೆ ಕಾಯಬಲ್ಲ, ಮುಂಗಾರಿಯ ಬೆಳೆಗಾರನಿಗೆ ಆ ಅವಕಾಶವೂ ಇಲ್ಲ. ಅಡತಿ ಅಂಗಡಿಯ ಮುಂದೆ ಚೀಲ ಇಳಿಸಿದ ಮೇಲೆ ಅಂದಿನ ದರವೇ ಅವನ ದೈವ. ರೋಣದ ಗಡ್ಡೆ ನೇರವಾಗಿ ಮಾಲೆಗೋ ಕೊಲಂಬೋಗೋ ಹೋಗುತ್ತದೆಂದು ಇದರ ಅರ್ಥವಲ್ಲ. ಬಂದರಿನಲ್ಲಿ ನಿಂತ ಸರಕು ಒಳನಾಡಿನ ಪೇಟೆಗೇ ತಿರುಗಿ ಬಂದು ಎಲ್ಲರ ದರವನ್ನೂ ಇಳಿಸುತ್ತದೆಂಬುದಷ್ಟೇ.

ಸರಕಾರದ ಪಕ್ಷದಲ್ಲಿ ಹೇಳತಕ್ಕದ್ದು ಇಲ್ಲವೆಂದಲ್ಲ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಂಥ ನಗರಗಳಲ್ಲಿ ಕಿಲೋ ಒಂದಕ್ಕೆ ನೂರು ರೂಪಾಯಿ ದಾಟಿದಾಗ ಕೂಲಿಯವನ ತಟ್ಟೆಗೆ ಕುತ್ತು ಬಂದುದು ನಿಜ. ಸ್ವಂತ ಜನರ ಹೊಟ್ಟೆಯನ್ನು ಮೊದಲು ನೋಡಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯರು. ಆದರೆ ಬೆಂಗಳೂರು ಗುಲಾಬಿ ಉಳ್ಳಾಗಡ್ಡಿಯಂಥ, ಇಲ್ಲಿ ತಿನ್ನುವವರೇ ವಿರಳವಾದ, ಹೊರದೇಶಗಳಿಗೆಂದೇ ಬೆಳೆಯುವ ತಳಿಯನ್ನೂ 2020ರ ನಿಷೇಧ ಹಿಡಿದು ನಿಲ್ಲಿಸಿತು. ಅಕ್ಟೋಬರಿನಲ್ಲಿ 10,000 ಟನ್ನಿಗೆ ಚೆನ್ನೈ ಬಂದರಿನ ಮೂಲಕ ಅನುಮತಿ ದೊರೆಯುವವರೆಗೆ ಆ ಬೆಳೆಗಾರರು ಕಾಯಬೇಕಾಯಿತು. ಇದರಿಂದ ಯಾರ ತಟ್ಟೆ ತುಂಬಿತೆಂಬುದು ತಿಳಿಯದು.

ಬೇರೆ ದಾರಿಯೇ ಇಲ್ಲವೆನ್ನುವವರು ಮಾಲ್ಡೀವ್ಸಿನ ವ್ಯವಸ್ಥೆಯನ್ನು ಪರಿಶೀಲಿಸಬೇಕು. 1981ರ ವ್ಯಾಪಾರ ಒಪ್ಪಂದದ ಆಧಾರದಿಂದ ಭಾರತವು ಆ ದೇಶಕ್ಕೆ ಅವಶ್ಯಕ ವಸ್ತುಗಳ ಪ್ರಮಾಣವನ್ನು ಮೊದಲೇ ಗೊತ್ತುಪಡಿಸುತ್ತದೆ. 2024-25ನೆಯ ಸಾಲಿಗೆ 35,749 ಟನ್ ಉಳ್ಳಾಗಡ್ಡಿ, 21,513 ಟನ್ ಬಟಾಟೆ, 1,24,218 ಟನ್ ಅಕ್ಕಿ ಗೊತ್ತಾಗಿದ್ದವು. ಅಂದಿನ ಅಥವಾ ಮುಂದಿನ ಯಾವ ನಿರ್ಬಂಧವೂ ಇವಕ್ಕೆ ತಗಲದೆಂದು ಆಜ್ಞೆಯಲ್ಲಿಯೇ ಹೇಳಲಾಗಿದ್ದಿತು. ಭಾರತದ ಸೈನಿಕರು ದ್ವೀಪಗಳನ್ನು ಬಿಡಬೇಕೆಂದು ಅಲ್ಲಿಯ ಹೊಸ ಸರಕಾರ ಪಟ್ಟುಹಿಡಿದಿದ್ದ ದಿನಗಳವು. ರಾಜಕಾರಣ ಮುನಿಸಿಕೊಂಡಿದ್ದರೂ ಉಳ್ಳಾಗಡ್ಡಿ ಮುನಿಸಿಕೊಳ್ಳಲಿಲ್ಲ.

ಎರಡು ಕೋಟಿಗೂ ಹೆಚ್ಚು ಜನರಿರುವ ಶ್ರೀಲಂಕೆಗೆ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಬಾಂಗ್ಲಾದೇಶಕ್ಕೆ ಬೇಕಾದಷ್ಟನ್ನೂ ಹೀಗೆ ಕಾಯ್ದಿರಿಸುವುದು ಅಸಾಧ್ಯವೆಂಬ ಆಕ್ಷೇಪಕ್ಕೆ ಬಲವಿದೆ. ಶ್ರೀಲಂಕೆಯೂ ತನ್ನ ರೈತರ ಬೆಳೆ ಬರುವ ಕಾಲಕ್ಕೆ ಆಮದಿನ ಸುಂಕ ಏರಿಸುವುದುಂಟು. ಅದು ಅವರ ಹಕ್ಕು. ಪೂರ್ತಿಯಾಗದಿದ್ದರೂ ಒಂದು ಪಾಲನ್ನು ಖಚಿತಪಡಿಸಬಹುದು. 2024ರ ಏಪ್ರಿಲಿನಲ್ಲಿ, ನಿಷೇಧದ ನಡುವೆಯೇ, ಈ ಎರಡೂ ದೇಶಗಳು ಸೇರಿ ಆರು ದೇಶಗಳಿಗೆ 99,150 ಟನ್ ಕಳುಹಿಸಲು ಒಪ್ಪಿದ್ದೇ ಅದು ಸಾಧ್ಯವೆಂಬುದಕ್ಕೆ ಸಾಕ್ಷಿ. ಆದರೆ ಆ ಒಪ್ಪಿಗೆ ಬಂದದ್ದು ಬೆಲೆ ಬಿದ್ದ ಮೇಲೆ, ನಾಲ್ಕು ತಿಂಗಳು ತಡವಾಗಿ. ಅಷ್ಟರೊಳಗೆ ಇಲ್ಲಿಯ ಮುಂಗಾರಿ ಬೆಳೆಯೆಲ್ಲ ಕೈಬಿಟ್ಟು ಹೋಗಿದ್ದಿತು.

ಕೊಳ್ಳುವವರೂ ಸುಮ್ಮನಿರಲಿಲ್ಲ. ಮ್ಯಾನ್ಮಾರ್, ಈಜಿಪ್ಟ್, ತುರ್ಕಿ, ಪಾಕಿಸ್ತಾನಗಳ ದಾರಿಯನ್ನು ಬಾಂಗ್ಲಾದೇಶದ ವರ್ತಕರು ಈಗ ಬಲ್ಲರು. ಭಾರತದ ರಫ್ತು ಸುಂಕ 2025ರ ಏಪ್ರಿಲ್ 1ರಿಂದ ಪೂರ್ತಿಯಾಗಿ ತೆರವಾಯಿತಾದರೂ, ಒಮ್ಮೆ ಬೇರೆ ಅಂಗಡಿಯ ರೂಢಿಯಾದ ಗಿರಾಕಿ ಹಳೆಯ ಅಂಗಡಿಗೆ ಅದೇ ವಿಶ್ವಾಸದಿಂದ ಮರಳುವುದು ಕಷ್ಟ.

ನೆರೆಯ ದೇಶಗಳಿಗೆ ಕೊಡತಕ್ಕ ಕನಿಷ್ಠ ಪಾಲನ್ನು ಗೊತ್ತುಪಡಿಸುವಾಗ, ಅದರಲ್ಲಿ ಒಂದು ಭಾಗವನ್ನು ಮುಂಗಾರಿಯ ಪೇಟೆಗಳಿಂದಲೇ ಕೊಳ್ಳಬೇಕೆಂದು ರೈತ ಸಂಘಟನೆಗಳೂ ಸಹಕಾರಿ ಧುರೀಣರೂ ಒತ್ತಾಯಿಸಬೇಕು. ಮಾಲ್ಡೀವ್ಸಿನ ಪ್ರಮಾಣ 2024ರಲ್ಲಿ ಪ್ರಕಟವಾದದ್ದು ಏಪ್ರಿಲ್ ಮೊದಲ ವಾರದಲ್ಲಿ. ಅಂದರೆ ರೋಣ ಸೀಮೆಯ ರೈತ ಉಳ್ಳಾಗಡ್ಡಿಯ ಬೀಜಕ್ಕೆ ಕೈಹಚ್ಚುವುದಕ್ಕೆ ಎರಡು ತಿಂಗಳು ಮುಂಚೆ.