ಬಿಸಿಲು ಬೀಳೋದು ಮೋಲ್ಡಿನ ಮೇಲೆ, ದುಡ್ಡು ಸುರಿಯೋದು ಎಸಿಗೆ

ಯುಗಾದಿ ಕಳೀತಿದ್ದಂಗೆ ನಮ್ಮ ಚಳ್ಳಕೆರೆ, ಹಿರಿಯೂರು ಕಡೆ ಹಳ್ಳಿಗಳಲ್ಲಿ ಈಗ ಒಂದೇ ಮಾತು: "ಮನೆ ಒಳಗೆ ಇರಾಕಾಗಲ್ಲ, ಕಂತಿನ ಮೇಲೆ ಒಂದು ಎಸಿ ಹಾಕಿಸಿಬಿಡಾನ." ಶೇಂಗಾ ಕೈಕೊಟ್ಟ ವರ್ಷವೂ ಇದೇ ಮಾತು. ಅಣ್ಣಂದಿರು, ಅಕ್ಕಂದಿರು ಬೇಜಾರು ಮಾಡ್ಕಂಡ್ರೂ ಸರಿ, ನೇರವಾಗಿ ಹೇಳ್ತೀನಿ. ತಾರಸಿಗೆ ಸುಣ್ಣ ಬಳಿಯದೆ, ಪಡುವಣ ಗೋಡೆಗೆ ನೆರಳು ಮಾಡದೆ ಎಸಿ ತರೋದು ಅಂದ್ರೆ ಬದು ಒಡೆದ ಹೊಲಕ್ಕೆ ರಾತ್ರಿಯೆಲ್ಲಾ ಮೋಟ್ರು ಓಡಿಸಿದಂಗೆ. ನೀರು ನಿಲ್ಲಲ್ಲ, ಮೋಟ್ರು ನಿಲ್ಲಲ್ಲ.

ಸೆಕೆ ಎಲ್ಲಿಂದ ಬರ್ತೈತೆ ಅಂತ ಮೊದಲು ನೋಡ್ರಿ. ನಾಲ್ಕೈದು ಇಂಚಿನ ಕಾಂಕ್ರೀಟ್ ಮೋಲ್ಡು ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು ಕುಡೀತೈತೆ. ಕುಡಿದಿದ್ದನ್ನ ಸಂಜೆ ಮೇಲೆ ಕೆಳಕ್ಕೆ ಬಿಡ್ತೈತೆ. ಅದಕ್ಕೇ ರಾತ್ರಿ ಹತ್ತು ಗಂಟೆಗೆ ಅಂಗಳದಲ್ಲಿ ತಣ್ಣಗಿದ್ರೂ ಒಳಗೆ ಒಲೆ ಪಕ್ಕ ಮಲಗಿದಂಗೆ ಇರ್ತೈತೆ. ಫ್ಯಾನ್ ಹಾಕಿದ್ರೆ ಅದೇ ಬಿಸಿಗಾಳಿ ಮೈಮೇಲೆ ಬೀಳ್ತೈತೆ. ಎಸಿ ಮಾಡೋ ಕೆಲಸ ಏನಪ್ಪಾ ಅಂದ್ರೆ, ನೀವು ಹಗಲೆಲ್ಲಾ ಒಳಗೆ ಬಿಟ್ಟುಕೊಂಡ ಬಿಸೀನ ರಾತ್ರಿಯೆಲ್ಲಾ ಕರೆಂಟ್ ಸುಟ್ಟು ಹೊರಗೆ ಹಾಕೋದು.

ನಮ್ಮ ಹಳೇ ಮಾಳಿಗೆ ಮನೆ ಹಿಂಗಿರಲಿಲ್ಲ. ತೊಲೆ, ಜಂತೆ, ಅದರ ಮೇಲೆ ಸೊಪ್ಪು ಸದೆ, ಅದರ ಮೇಲೆ ದಪ್ಪಕ್ಕೆ ಮಣ್ಣು, ಮಳೆಗಾಲಕ್ಕೆ ಮುಂಚೆ ಕರ್ಲು ಮಣ್ಣು. ಆ ದಪ್ಪ ದಾಟಿ ಬಿಸಿ ಕೆಳಗಿಳಿಯೋ ಹೊತ್ತಿಗೆ ಹೊರಗೆ ತಂಪಾಗಿರೋದು. ಹಂಗಂತ ಎಲ್ಲರೂ ಮಾಳಿಗೆ ಮನೆಗೆ ವಾಪಸ್ ಹೋಗ್ರಿ ಅಂತ ನಾನು ಹೇಳಲ್ಲ. ಗೆದ್ದಲು, ಇಲಿ, ಸೋರೋದು, ವರ್ಷಾ ವರ್ಷಾ ಮಣ್ಣು ಹೊತ್ತು ಹಾಕೋ ಹೆಣ್ಣುಮಕ್ಕಳ ಕಷ್ಟ, ಇದೆಲ್ಲಾ ಕಂಡೋರಿಗೇ ಗೊತ್ತು. ಮೋಲ್ಡು ಇರಲಿ. ಆದ್ರೆ ಅದನ್ನ ಬರೀ ಮೈಯಲ್ಲಿ ಬಿಸಿಲಿಗೆ ನಿಲ್ಲಿಸಬೇಡ್ರಿ.

ಈಗ ಲೆಕ್ಕಕ್ಕೆ ಬರಾನ. ಒಂದೂವರೆ ಟನ್ ಎಸಿ, ಕಂಪ್ರೆಸರ್ ನಿಂತು ಓಡೋದೆಲ್ಲಾ ಸೇರಿ ಗಂಟೆಗೆ 1 ಯೂನಿಟ್ ಅಂತ ಹಿಡೀರಿ. ಕಾದ ಮೋಲ್ಡಿನ ಕೆಳಗೆ ಅದಕ್ಕಿಂತ ಜಾಸ್ತೀನೇ ತಿಂತೈತೆ. ರಾತ್ರಿ 8 ಗಂಟೆ, ತಿಂಗಳಿಗೆ 30 ದಿನ, ಅಲ್ಲಿಗೆ 240 ಯೂನಿಟ್. ಗೃಹಜ್ಯೋತಿ ಏನು ಹೇಳ್ತೈತೆ ನೆನಪಿದೆಯಲ್ಲಾ? ನಿಮ್ಮ ಹಳೇ ಸರಾಸರಿ ಬಳಕೆ, ಅದರ ಮೇಲೆ ಇಷ್ಟು ಅಂತ ಸ್ವಲ್ಪ ಹೆಚ್ಚಿಗೆ, ಅಷ್ಟು ಮಾತ್ರ ಪುಕ್ಕಟೆ. 200 ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಮನೆಗೆ ಮುಂಚೆ 60 ಯೂನಿಟ್ ಆಗ್ತಿತ್ತು ಅನ್ಕಳ್ರಿ. ಎಸಿ ಸೇರಿದ್ರೆ 300. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಹಿಡಿದ್ರೂ 1,800, ಮೇಲೆ ನಿಗದಿತ ಶುಲ್ಕ ಬೇರೆ. ಸೊನ್ನೆ ಬಿಲ್ ಬರ್ತಿದ್ದ ಮನೆಗೆ ಮೂರು ತಿಂಗಳಲ್ಲಿ ಐದೂವರೆ ಸಾವಿರ ಹೋಯ್ತು. ಎಸಿ ಕಂತು ಇನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ.

ಸುಣ್ಣಕ್ಕೆ ಎಷ್ಟು? ಐದಾರು ಚದರದ ತಾರಸಿಗೆ ಸುಣ್ಣ, ಹಿಡಿಯಾಕೆ ಸ್ವಲ್ಪ ಅಂಟು, ಇಬ್ಬರ ಒಂದು ದಿನದ ಕೂಲಿ. ಎಸಿಯ ಒಂದು ತಿಂಗಳ ಬಿಲ್ಲಿನ ಆಸುಪಾಸಿನಲ್ಲಿ ಮುಗೀತೈತೆ. ಬಿಳಿ ತಾರಸಿ ಬಿಸಿಲನ್ನ ವಾಪಸ್ ಆಕಾಶಕ್ಕೇ ತಿರುಗಿಸಿ ಕಳಿಸ್ತೈತೆ. ಒಳಗೆ ಎರಡರಿಂದ ಐದು ಡಿಗ್ರಿ ಇಳಿಯೋದು ಸಾಮಾನ್ಯ. ಇದೇನು ಹಳ್ಳಿ ಗೊಡ್ಡು ಮಾತಲ್ಲ. ಅಹಮದಾಬಾದಿನಲ್ಲಿ ಬಡವರ ಮನೆಗಳ ಸೂರಿಗೆ ಬಿಳಿ ಬಳಿಸಿದ್ರು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಸೂರಿಗೆ ಅಂತಾನೇ ಒಂದು ನೀತಿ ತಂತು.

ಬಳಿಯೋದು ಹೆಂಗೆ ಅಂದ್ರೆ, ಮೊದಲು ತಾರಸಿ ಗುಡಿಸಿ, ತೊಳೆದು ಒಣಗಿಸ್ರಿ. ಬಿರುಕಿದ್ರೆ ಮುಚ್ಚಿ. ಸುಣ್ಣ ಹಿಂದಿನ ದಿನಾನೇ ನೀರಿಗೆ ಹಾಕಿ, ಸೋಸಿ. ಸುಟ್ಟ ಸುಣ್ಣ ಅರಳುವಾಗ ಕುದೀತೈತೆ, ಮಕ್ಕಳನ್ನ ದೂರ ಇಡ್ರಿ, ಕಣ್ಣಿಗೆ ಸಿಡಿಯದಂಗೆ ನೋಡ್ಕಳ್ರಿ. ಎರಡು ಕೋಟು, ಒಂದು ಒಣಗಿದ ಮೇಲೆ ಇನ್ನೊಂದು. ಧೂಳು ಕೂತ್ರೆ ಕೆಲಸ ಮಾಡಲ್ಲ, ನಡುವೆ ಒಂದು ಸಲ ಗುಡಿಸಬೇಕು. ಮಳೆಗೆ ತೊಳೆದು ಹೋಗ್ತೈತೆ, ವರ್ಷಾ ವರ್ಷಾ ಬಳೀಬೇಕು. ತಗಡಿನ ಶೀಟ್ ಮನೆಯವರಿಗೆ ಇದು ಇನ್ನೂ ಜರೂರು. ಸುಣ್ಣ ತಗಡಿಗೆ ಹಿಡಿಯಲ್ಲ, ಬಿಳಿ ಪೇಂಟ್ ಹೊಡೀರಿ, ಒಳಗೆ ಶೀಟಿಗೂ ತಲೆಗೂ ನಡುವೆ ಬಿದಿರು ತಟ್ಟಿ ಕಟ್ರಿ.

ಕೆಲವರು ಸಂಜೆ ತಾರಸಿಗೆ ಬಿಂದಿಗೆ ಬಿಂದಿಗೆ ನೀರು ಹೊಯ್ತಾರೆ. ತಂಪಾಗ್ತೈತೆ, ಇಲ್ಲ ಅನ್ನಲ್ಲ. ಆದ್ರೆ ದನಕ್ಕೆ ಕುಡಿಯಾಕೆ ನೀರಿಲ್ಲದ ಊರಲ್ಲಿ ಮೋಲ್ಡಿಗೆ ನೀರು ಕುಡಿಸೋದು ಯಾವ ನ್ಯಾಯ?

ಎರಡನೇದು ಪಡುವಣ ಗೋಡೆ. ಮಧ್ಯಾಹ್ನದ ಮೇಲಿನ ಬಿಸಿಲು ಪೂರ್ತಿ ಅಲ್ಲೇ ಬೀಳೋದು. ಅಲ್ಲೊಂದು ಬೇವು, ಇಲ್ಲ ಹೊಂಗೆ. ಗಿಡ ಬೆಳೆಯೋವರೆಗೆ ಗಳ ನಿಲ್ಲಿಸಿ ತೊಂಡೆ, ಹೀರೆ ಬಳ್ಳಿ ಹಬ್ಬಿಸ್ರಿ. ನರ್ಸರಿಯ ಹಳೇ ಶೇಡ್ ನೆಟ್ ಮೂಲೆಯಲ್ಲಿ ಬಿದ್ದಿರ್ತೈತೆ, ಅದನ್ನ ಗೋಡೆಯಿಂದ ಒಂದಡಿ ಬಿಟ್ಟು ಕಟ್ರಿ. ಅಶ್ವಿನಿ ಮಳೆ ಗಾಳಿಗೆ ಹಾರದಂಗೆ ಬಿಗಿ ಇರಲಿ. ಪಡುವಣ ಕಿಟಕಿಗೆ ಪರದೆ ಒಳಗಲ್ಲ, ಹೊರಗೆ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದು ಏನು ಪ್ರಯೋಜನ?

ಮೂರನೇದಕ್ಕೆ ಕಾಸೂ ಬೇಡ. ಬಿಸಿಲೇರಿದಾಗ ಕಿಟಕಿ ಮುಚ್ಚಿ, ಹೊತ್ತು ಮುಳುಗಿ ಹೊರಗೆ ತಂಪಾದ ಮೇಲೆ ತೆಗೀರಿ. ನಮ್ಮೋರು ಮಾಡೋದು ಉಲ್ಟಾ. ಹಗಲು ಗಾಳಿ ಬರಲಿ ಅಂತ ತೆಗೆದಿಡ್ತಾರೆ, ರಾತ್ರಿ ಸೊಳ್ಳೆಗೆ ಹೆದರಿ ಮುಚ್ತಾರೆ. ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸೋದು ಎಸಿಗಿಂತ ಅಗ್ಗ.

ಇಷ್ಟೆಲ್ಲಾ ಮಾಡಿ ಆಮೇಲೂ ಸೆಕೆ ಅಂದ್ರೆ ಯಂತ್ರದ ಮಾತು. ಹಳೇ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 15 ಗಂಟೆ ತಿರುಗಿದ್ರೆ ತಿಂಗಳಿಗೆ 20 ಯೂನಿಟ್ ಉಳೀತೈತೆ. ನಮ್ಮದು ಒಣ ಹವೆ, ಕೂಲರ್ ಚೆನ್ನಾಗಿ ಕೆಲಸ ಮಾಡ್ತೈತೆ, ಆದ್ರೆ ಕಿಟಕಿ ತೆಗೆದಿರಬೇಕು, ಉಪ್ಪು ನೀರಾದ್ರೆ ಪ್ಯಾಡ್ ಆಗಾಗ ತೊಳೀಬೇಕು. ಮನೇಲಿ ಹಾಸಿಗೆ ಹಿಡಿದ ಮುದುಕರು, ಹಸುಗೂಸು ಇದ್ದು ಎಸಿ ಬೇಕೇ ಬೇಕು ಅಂದ್ರೆ ಹಾಕಿಸ್ರಿ, ಅದಕ್ಕೆ ನನ್ನ ತಕರಾರಿಲ್ಲ. ಸುಣ್ಣ ಬಳಿದ ಮೇಲೆ ಹಾಕಿಸ್ರಿ. 18ಕ್ಕೆ ಇಡಬೇಡ್ರಿ, 26ಕ್ಕೆ ಇಟ್ಟು ಫ್ಯಾನ್ ಹಾಕ್ರಿ. ಒಂದು ಡಿಗ್ರಿ ಏರಿಸಿದ್ರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳೀತೈತೆ ಅಂತ ಸರ್ಕಾರದವರೇ ಹೇಳ್ತಾರೆ.

ಮೇಸ್ತ್ರಿಗಳಿಗೂ ಒಂದು ಮಾತು. ಪೇಟೆ ಪ್ಲಾನ್ ತಂದು ಸಜ್ಜಾ ಇಲ್ಲದ ಕಿಟಕಿ, ಪಡುವಣಕ್ಕೆ ಗಾಜು ಇಟ್ಟು ಹೋಗ್ತೀರಿ, ಅದರ ಕೆಳಗೆ ಮಲಗೋರು ನೀವಲ್ಲ. ಪಂಚಾಯ್ತಿಯೋರಿಗೂ ಹೇಳ್ತೀನಿ. ವಸತಿ ಯೋಜನೆ ಮನೆಗೆ ತಳಪಾಯದ ಫೋಟೋ, ಮೋಲ್ಡಿನ ಫೋಟೋ ಕೇಳ್ತೀರಲ್ಲಾ, ಸುಣ್ಣ ಬಳಿದ ತಾರಸಿ ಫೋಟೋನೂ ಕೇಳ್ರಿ, ಅದಕ್ಕೂ ಎರಡು ಸಾವಿರ ಕೊಡ್ರಿ. ಮುಂದಿನ ಗ್ರಾಮಸಭೆಯಲ್ಲಿ ನಾನಂತೂ ಎದ್ದು ನಿಂತು ಕೇಳೋನೇ. ನೀವೂ ನಿಮ್ಮ ನಿಮ್ಮ ಊರಲ್ಲಿ ಕೇಳ್ರಿ. ಅಷ್ಟರೊಳಗೆ ಈ ಭಾನುವಾರ ಏಣಿ ಹಾಕಿ ತಾರಸಿ ಗುಡಿಸ್ರಿ.